‘ನೀನು’ ಅಂದದ್ದು, ‘ನೀವು’ ಅಂತ ಬರೆದದ್ದು

ನನ್ನ ಮೇಜಿಗೆ ಬಂದ ವರದಿಗಳೆಲ್ಲ ಒಂದೇ ವಾಕ್ಯದಿಂದ ಶುರುವಾಗಿದ್ದವು: ‘ಭಾರತವು ಹಳ್ಳಿಗಳ ದೇಶವಾಗಿದೆ.’ ವಿಷಯ ರೇಷ್ಮೆಯಾದರೂ ಅದೇ ವಾಕ್ಯ, ಹಾಲಿನ ಡೇರಿಯಾದರೂ ಅದೇ ವಾಕ್ಯ. ಒಂದು ವರದಿಯಲ್ಲಂತೂ ಬೇರೆ ಯಾವುದೋ ಜಿಲ್ಲೆಯ ತಾಲ್ಲೂಕಿನ ಹೆಸರು ಹಾಗೇ ಉಳಿದುಕೊಂಡಿತ್ತು. ಅದನ್ನು ಅಳಿಸಿ ಮಳವಳ್ಳಿ ಎಂದು ಬರೆಯುವಷ್ಟು ವ್ಯವಧಾನವೂ ಯಾರಿಗೂ ಇದ್ದಿರಲಿಲ್ಲ. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಹಿಂದಿನ ವರ್ಷಗಳ ವರದಿಗಳಿದ್ದವು. ಹೆಸರು, ರಿಜಿಸ್ಟರ್ ನಂಬರು ಹೇಳಿದರೆ ಸ್ಪೈರಲ್ ಬೈಂಡಿಂಗ್ ಮಾಡಿ ಕೈಗೆ ಕೊಡುತ್ತಿದ್ದರು.

ನಾನು ಎಲ್ಲವನ್ನೂ ವಾಪಸ್ ಕೊಟ್ಟೆ.

ಅಂತಿಮ ಬಿ.ಎ. ತರಗತಿ. ತಾವೇ ಒಂದು ವಿಷಯ ಆರಿಸಿಕೊಂಡು, ಜನರನ್ನು ಮಾತಾಡಿಸಿ, ತಾವೇ ಬರೆದು ತರಬೇಕಾದ ಪತ್ರಿಕೆ ಅದು. ಕೊನೆಗೆ ಹೊರಗಿನ ಪರೀಕ್ಷಕರ ಎದುರು ಮೌಖಿಕ ಪರೀಕ್ಷೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಕೇಳಿದ: “ಮೇಡಂ, ಇದ್ನ ಓದೋರು ಯಾರು? ತೂಕ ನೋಡ್ಬುಟ್ಟು ಮಾರ್ಕ್ಸ್ ಹಾಕೋದಲ್ವಾ?”

“ನಾನು ಓದ್ತೀನಿ,” ಅಂದೆ. ತರಗತಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಪ್ರಾಂಶುಪಾಲರು ಕರೆಸಿದರು. ಒಳ್ಳೆಯ ಮನುಷ್ಯರೇ. “ನೋಡಿ ಮೇಡಂ, ಈ ಮಕ್ಕಳು ಬೆಳಿಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಬಸ್ಸು ಹತ್ತಿ ಬರೋರು. ಇವರಿಂದ ಸಂಶೋಧನೆ ಮಾಡಿಸ್ತೀನಿ ಅಂತೀರಲ್ಲ,” ಎಂದರು. ಹಾಲು ಕರೆಯುವವರೇ ಹಾಲಿನ ಡೇರಿಯ ಬಗ್ಗೆ ಜೆರಾಕ್ಸ್ ಅಂಗಡಿಯಿಂದ ಯಾಕೆ ತರಬೇಕು ಎಂಬ ಮಾತು ನನ್ನ ಬಾಯಿವರೆಗೆ ಬಂತು. ನುಂಗಿಕೊಂಡೆ. ಆಮೇಲೆ ಸಿಬ್ಬಂದಿ ಕೋಣೆಯಲ್ಲಿ ನನ್ನ ಎದುರು ಕೂತು ಊಟ ಮಾಡುತ್ತಿದ್ದ ಇಬ್ಬರು ಸಹೋದ್ಯೋಗಿಗಳು ಬೇರೆ ಮೇಜಿಗೆ ಹೋದರು. ಜಗಳವೇನೂ ಆಗಿರಲಿಲ್ಲ. ನಾನು ವರದಿ ವಾಪಸ್ ಕೊಟ್ಟ ಮೇಲೆ ಅವರ ವಿದ್ಯಾರ್ಥಿಗಳೂ ಪ್ರಶ್ನೆ ಕೇಳತೊಡಗಿದ್ದರು, ಅಷ್ಟೆ.

ನಾನು ದಾವಣಗೆರೆ ಕಡೆಯವಳು. ವರ್ಗವಾಗಿ ಬಂದು ಮಂಡ್ಯದ ಗುತ್ತಲಿನಲ್ಲಿ ಮಹಡಿ ಮೇಲಿನ ಮನೆ ಬಾಡಿಗೆಗೆ ಹಿಡಿದಿದ್ದೆ. ದಿನವೂ ಮಳವಳ್ಳಿಗೆ ಬಸ್ಸು, ನೇರ ಬಸ್ಸು ತಪ್ಪಿದರೆ ಮದ್ದೂರಿನಲ್ಲಿ ಇಳಿದು ಇನ್ನೊಂದು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವಾಗ ಪಕ್ಕದಲ್ಲಿ ಕೂತವರು ಮಾತಾಡಿಸಿದರೂ ನನ್ನ ಮಾತು ಕೇಳಿದ ಕೂಡಲೇ “ನಿಮ್ದು ಈ ಕಡೆ ಅಲ್ವಾ?” ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ತರಗತಿಯಲ್ಲಿ ನಾನು “ಬರ್ರಿ, ಕುಂದರ್ರಿ” ಅಂದರೆ ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು. ನನಗೋ ಇಲ್ಲಿಯ ಮಾತು ಮೊದಮೊದಲು ಗದರಿಸಿದ ಹಾಗೆ ಕೇಳುತ್ತಿತ್ತು. ಮಗ ತಾಯಿಗೆ ‘ನೀನು’, ಮೊಮ್ಮಗಳು ಅಜ್ಜಿಗೆ ‘ನೀನು’, ಗೆಳೆಯರ ನಡುವೆ ‘ಲೇ’. ಅದರಲ್ಲಿ ಅಕ್ಕರೆ ಎಲ್ಲಿದೆ, ಅಸಡ್ಡೆ ಎಲ್ಲಿದೆ ಎಂದು ಬೇರ್ಪಡಿಸಲು ನನ್ನ ಕಿವಿಗೆ ಬಹಳ ಕಾಲ ಹಿಡಿಯಿತು. ಪೂರ್ತಿ ಬಂದಿದೆ ಎಂದು ಈಗಲೂ ಹೇಳಲಾರೆ.

ವರದಿ ಬಿಟ್ಟು ವಾಕ್ಯದಿಂದ ಶುರು ಮಾಡಿದೆ. ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಕೂತು ಕಂಡದ್ದನ್ನು ಬರೆದು ತನ್ನಿ ಅಂದೆ. ‘ಬಸ್ ನಿಲ್ದಾಣವು ಸಾರ್ವಜನಿಕರಿಗೆ ಅತ್ಯಂತ ಉಪಯುಕ್ತವಾಗಿದೆ’ ಎಂದು ಬಂತು. ‘ಇದನ್ನು ಕಣ್ಣು ಮುಚ್ಚಿಕೊಂಡೂ ಬರೆಯಬಹುದು’ ಎಂದು ಕೆಳಗೆ ಬರೆದು ಕೊಟ್ಟೆ. ಮತ್ತೆ ಕಳಿಸಿದೆ. ಮತ್ತೆ ಅದೇ ಬಂತು. ಮೂರನೆಯ ಸಲ ಒಬ್ಬ ಹುಡುಗಿ ಬರೆದಳು: ‘ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಅದಕ್ಕೆ ಅವರು ಇಬ್ಬಿಬ್ಬರಾಗಿ ಬರುತ್ತಾರೆ. ಒಬ್ಬರು ಬಾಗಿಲು ಹಿಡಿದುಕೊಳ್ಳುತ್ತಾರೆ.’

ಅದನ್ನು ತರಗತಿಯಲ್ಲಿ ಓದಿದೆ. ಹುಡುಗರು ನಕ್ಕರು, ಹುಡುಗಿಯರು ನಗಲಿಲ್ಲ. ಬರೆದವಳು ಮಳವಳ್ಳಿ ಹತ್ತಿರದ ಒಂದು ಹಳ್ಳಿಯ ಹುಡುಗಿ. ಗದ್ದೆ, ಕಬ್ಬು, ಟ್ರ್ಯಾಕ್ಟರು ಎಲ್ಲ ಇದ್ದ ದೊಡ್ಡ ಮನೆ. ಮುಂದೆ ನಡೆದದ್ದಕ್ಕೆಲ್ಲ ಕೇಂದ್ರ ಅವಳೇ.

ಬರೆಯುವುದಕ್ಕಿಂತ ಕಷ್ಟವಾದದ್ದು ಮಾತಾಡಲು ಕಲಿಸುವುದು. ಒಂದು ನಿಯಮ ಮಾಡಿದ್ದೆ. ಯಾರದಾದರೂ ಮಾತಿಗೆ ಎದುರಾಡಬೇಕಾದರೆ ಮೊದಲು ಆ ಮಾತನ್ನು ನಿಮ್ಮ ಬಾಯಲ್ಲಿ ಹೇಳಿ, ಅವರು ‘ಹೌದು, ನಾನಂದದ್ದು ಇದೇ’ ಅಂದ ಮೇಲೆ ನಿಮ್ಮ ಮಾತು. “ಇದೇನ್ ಮೇಡಂ, ಕೋರ್ಟಾ?” ಎಂದು ಗೊಣಗಿದರು. ಮೊದಲ ದಿನ ಮೊಬೈಲು ತರಗತಿಗೆ ತರಬಹುದೇ ಎಂಬ ವಿಷಯದಲ್ಲಿ ಒಬ್ಬನೂ ಇನ್ನೊಬ್ಬನ ಮಾತನ್ನು ಸರಿಯಾಗಿ ತಿರುಗಿ ಹೇಳಲಾಗದೆ ಗಂಟೆ ಹೊಡೆಯಿತು. ಆದರೂ ಮುಂದಿನ ವಾರಗಳಲ್ಲಿ ಕಿವಿಗಳು ಸ್ವಲ್ಪ ತೆರೆದವು.

ಸಂದರ್ಶನಕ್ಕೆ ಜೋಡಿಗಳನ್ನು ಮಾಡಿದೆ. ಆ ಹುಡುಗಿಯ ಊರಿನವನೇ ಒಬ್ಬ ಹುಡುಗ ಅದೇ ತರಗತಿಯಲ್ಲಿದ್ದ. ಊರಿನ ಇನ್ನೊಂದು ಬೀದಿಯವನು, ಬೌದ್ಧ ಕುಟುಂಬ. ತಂದೆ ಶಾಲೆಯ ಮೇಷ್ಟ್ರು. ಒಂದೇ ಬಸ್ಸಿಗೆ ಬರುತ್ತಿದ್ದರೂ ಇಬ್ಬರೂ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ‘ನಲ್ಲಿ ಬರುವ ಮೊದಲು ನಮ್ಮೂರಿನ ನೀರು’ ಎಂಬ ವಿಷಯವನ್ನು ಅವರೇ ಆರಿಸಿಕೊಂಡರು. ಅವಳು ಅವನ ಅಜ್ಜಿಯನ್ನು ಮಾತಾಡಿಸುವುದು, ಅವನು ಅವಳ ತಾತನನ್ನು. ಫೋನಿನಲ್ಲಿ ರೆಕಾರ್ಡ್ ಮಾಡಿ, ಅದನ್ನು ಕೇಳಿಕೇಳಿ ಅಕ್ಷರಕ್ಕೆ ಇಳಿಸಬೇಕು. ಹೇಳಿದವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಕೂಡದು, ನಿಮ್ಮ ಪ್ರಶ್ನೆಯನ್ನೂ ತಿದ್ದಕೂಡದು, ನಡುವೆ ಸುಮ್ಮನಾದರೆ ‘ಸುಮ್ಮನಾದರು’ ಎಂದೇ ಬರೆಯಬೇಕು. ಇದನ್ನು ಬೋರ್ಡಿನ ಮೇಲೆ ಬರೆದಿದ್ದೆ.

ಓದುವ ದಿನ ಬಂತು. ಹುಡುಗಿ ಎದ್ದು ನಿಂತು ತನ್ನ ಪುಟ ಓದಿದಳು. ‘“ಅಜ್ಜಿ, ನೀವು ನೀರನ್ನು ಎಲ್ಲಿಂದ ತರುತ್ತಿದ್ದಿರಿ?” “ಊರ ಬಾವಿಯಿಂದ ತರುತ್ತಿದ್ದೆವು ಕಣಮ್ಮ. ನಿನಗೆ ಗೊತ್ತಲ್ಲ.”’

ಹುಡುಗ ಎದ್ದ. ನನ್ನ ನಿಯಮ ಅವನಿಗೆ ನೆನಪಿತ್ತು. “ನೀನ್ ಓದಿದ್ದು ಇದು: ನೀನು ನಮ್ಮಜ್ಜಿಗೆ ‘ನೀವು’ ಅಂದೆ, ನಮ್ಮಜ್ಜಿ ನಿಂಗೆ ‘ನೀನು’ ಅಂದ್ರು. ಸರಿನಾ?”

ಅವಳು ಪುಟ ನೋಡಿಕೊಂಡೇ ತಲೆಯಾಡಿಸಿದಳು. ಅವನು ನನ್ನ ಕಡೆ ತಿರುಗಿದ.

“ಮೇಡಂ, ನಾನೂ ಅಲ್ಲೇ ಇದ್ದೆ. ಅಲ್ಲಿ ನಡ್ದಿದ್ದು ತಿರುಗಾಮುರುಗಾ. ಇವ್ಳು ‘ಎಲ್ಲಿಂದ ತತ್ತಿದ್ದೆ ನೀರ’ ಅಂತ ಕೇಳುದ್ಲು. ನಮ್ಮಜ್ಜಿ ‘ನಿಮ್ಗೆ ಗೊತ್ತಲ್ಲ ಅಮ್ಮಾವ್ರೇ’ ಅಂದ್ರು.”

“ನಮ್ ಕಡೆ ಎಲ್ರೂ ಅಂಗೇ ಕಣೋ ಮಾತಾಡೋದು! ನಮ್ಮಜ್ಜಿಗೂ ನಾನು ನೀನು ಅಂತ್ಲೇ ಅಂತಿದ್ದೆ. ಬರಿಯೋವಾಗ ಮರ್ವಾದಿಯಾಗ್ ಇರ್ಲಿ ಅಂತ ಬರ್ದೆ.”

“ನಿಮ್ಮಜ್ಜಿ ನಿಂಗೆ ‘ಅಮ್ಮಾವ್ರೇ’ ಅಂತಿದ್ರಾ?”

“ನೀನೇನ್ ಎಲ್ಲಾ ಬರ್ದಿದ್ದೀಯಾ? ನಮ್ ತಾತ ನಿನ್ನ ‘ಬಾ ಮಗ’ ಅಂತ ಕರ್ದು ಕುರ್ಚಿ ಹಾಕ್ಸುದ್ರಲ್ಲ, ಅದ್ಯಾಕೆ ಬರೀನಿಲ್ಲ?”

“ಕುರ್ಚಿ ಹಾಕ್ಸುದ್ರು. ಕಾಫಿ ಪೇಪರ್ ಲೋಟ್ದಲ್ ಕೊಟ್ರು. ನೀವೆಲ್ಲ ಸ್ಟೀಲ್ ಲೋಟ್ದಲ್ ಕುಡುದ್ರಿ. ಎರಡೂ ಬರೀಲಾ?”

ಹುಡುಗಿ ಪುಟವನ್ನು ಬೆಂಚಿನ ಮೇಲಿಟ್ಟು ಹೊರಗೆ ಹೋದಳು. ತರಗತಿ ಎರಡು ಭಾಗವಾಯಿತು. ಬೆಂಚಿನ ಸಾಲುಗಳು ಮೊದಲಿನಿಂದಲೂ ಹಾಗೇ ಭಾಗವಾಗಿದ್ದವು ಎಂಬುದು ನನಗೆ ಆಗ ಕಂಡಿತು.

ಮಾರನೆಯ ದಿನ ಅವಳು ಬರಲಿಲ್ಲ. ಅವಳ ಚಿಕ್ಕಪ್ಪ ಬಂದರು. ಬಿಳಿ ಅಂಗಿ, ಕೈಯಲ್ಲಿ ಬೈಕಿನ ಕೀ. ಪ್ರಾಂಶುಪಾಲರ ಕೋಣೆಯಲ್ಲಿ ಕೂತೇ ನನ್ನನ್ನು ಕೇಳಿದರು: “ಏನ್ ಮೇಡಂ, ನೀರಿನ್ ವಿಚಾರ ಬರೀರಿ ಅಂದ್ಬುಟ್ಟು ಜಾತಿ ವಿಚಾರ ಕೆದುಕುಸ್ತಿದ್ದೀರಂತಲ್ಲ?”

“ನೀರಿನ ವಿಚಾರನೇ ಕೇಳಿದ್ದು ರೀ.”

“ನಮ್ಮೂರಲ್ಲಿ ಯಾರೂ ಯಾರ್ಗೂ ಒಂದ್ ಮಾತ್ ಅಂದಿಲ್ಲ ಕಣಮ್ಮ. ಅವ್ರ್ ಮನೆ ಮದ್ವೆಗೆ ನಾವ್ ಓಯ್ತೀವಿ, ನಮ್ ಮನೇದಕ್ಕೆ ಅವ್ರ್ ಬತ್ತಾರೆ. ನೀವು ಎಲ್ಲಿಂದ್ಲೋ ಬಂದೋರು. ನಾಳೆ ವರ್ಗ ಮಾಡುಸ್ಕೊಂಡು ಒಂಟೋಯ್ತೀರಿ. ಇಲ್ಲಿ ಬಾಳೋರು ನಾವು.”

ಅವರು ಗದರಿಸಲಿಲ್ಲ. ಗದರಿಸಿದ್ದರೆ ಉತ್ತರ ಹೇಳುವುದು ಸುಲಭವಿತ್ತು. ಅವರು ಹೋದ ಮೇಲೆ ಪ್ರಾಂಶುಪಾಲರು ಕಿಟಕಿಯ ಕಡೆ ನೋಡುತ್ತಾ, “ಆ ಇಬ್ಬರಿಗೆ ಬೇರೆ ವಿಷಯ ಕೊಟ್ಟುಬಿಡಿ. ರೇಷ್ಮೆ ಇದೆ, ಆಲೆಮನೆ ಇದೆ. ಹುಡುಗಿಯ ಓದೇ ನಿಂತುಹೋದರೆ ಯಾರು ಜವಾಬ್ದಾರಿ?” ಎಂದರು. ಆ ಮಾತು ಮಾತ್ರ ಎದೆಗೆ ನಾಟಿತು.

ಆ ಭಾನುವಾರ ಗುತ್ತಲಿನ ಮನೆಯಲ್ಲಿ ನಾನು ಒಬ್ಬಳೇ ಇದ್ದೆ. ಅಮ್ಮನ ಫೋನು ಬಂತು. “ಊಟ ಆತಾ?” ಅಂದಳು, “ಆತು” ಅಂದೆ. ಇನ್ನೇನು ಹೇಳುವುದು? ‘ನೀನು’, ‘ನೀವು’ ಎಂಬ ಎರಡು ಶಬ್ದಗಳಿಗಾಗಿ ಒಂದು ಹುಡುಗಿಯ ಓದು ತೂಗಾಡುತ್ತಿದೆ ಎಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಕಡೆ ಎಲ್ಲರಿಗೂ ‘ರೀ’ ಅಂದುಬಿಡುತ್ತೇವೆ; ಅದರ ಅಡಿಯಲ್ಲಿ ಏನೇನು ಮುಚ್ಚಿದ್ದೇವೆ ಎಂದು ನಾನೂ ಯಾವತ್ತೂ ಕೇಳಿಕೊಂಡಿರಲಿಲ್ಲ. ಕೆಳಗೆ ಮನೆಯೊಡತಿಯ ಮೊಮ್ಮಕ್ಕಳು ಕೂಗಾಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಅದನ್ನೇ ಕೇಳಿಸಿಕೊಂಡೆ.

ಯೋಚಿಸುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಹುಡುಗಿ ಸುಳ್ಳು ಬರೆಯಬೇಕೆಂದು ಬರೆದಿರಲಿಲ್ಲ. ಗೌರವದಿಂದ ಮಾತಾಡಿ ಎಂದು ನಾನು ಹೇಳಿದ್ದೆ, ಆಡಿದ ಹಾಗೆ ಬರೆಯಿರಿ ಎಂದೂ ಹೇಳಿದ್ದೆ. ಎರಡೂ ಒಟ್ಟಿಗೆ ಸಾಧ್ಯವಾಗದ ಕಡೆ ಅವಳು ಗೌರವವನ್ನು ಕಾಗದದ ಮೇಲೆ ತಯಾರಿಸಿದ್ದಳು. ಈಗ ವರದಿಯಲ್ಲಿ ಆ ಮಾತನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಪ್ರಾಂಶುಪಾಲರು, ಚಿಕ್ಕಪ್ಪ, ನಾನು ಎಲ್ಲರೂ ತೀರ್ಮಾನ ಮಾಡಲು ಹೊರಟಿದ್ದೆವು. ಮಾತಾಡಿದ ಆ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಬರೆದದ್ದನ್ನು ಹೇಳಿದವರಿಗೇ ಓದಿ ಕೇಳಿಸುವುದು ಸಂಶೋಧನೆಯ ಒಂದು ಹಂತ. ಅದನ್ನು ಪಾಠದಲ್ಲಿ ಕೊನೆಗೆ ಇಟ್ಟುಕೊಂಡಿದ್ದೆ. ಈಗಲೇ ಮಾಡಬೇಕು ಎಂದು ನಿರ್ಧರಿಸಿದೆ.

ಹುಡುಗಿಗೆ ಫೋನು ಮಾಡಿದೆ. “ನಂಗ್ ಮಖ ತೋರ್ಸಕಾಗಲ್ಲ ಮೇಡಂ,” ಅಂದಳು.

“ಬೇರೆ ವಿಷಯ ಬೇಕಂದ್ರೆ ಕೊಡ್ತೀನಿ. ಮಾರ್ಕ್ಸಿಗೇನೂ ತೊಂದರೆ ಆಗಲ್ಲ. ಆದರೆ ಅವರ ಮಾತು ನಿನ್ನ ಫೋನಲ್ಲಿ ಇದೆ. ಅದನ್ನು ಏನು ಮಾಡಬೇಕು ಅಂತ ಅವರನ್ನೇ ಕೇಳಬೇಕು. ನಾನಂತೂ ಹೋಗ್ತಿದ್ದೀನಿ.”

ಅವಳು ಬರುತ್ತಾಳೆಂದು ನಾನು ನಂಬಿರಲಿಲ್ಲ. ಹುಡುಗನ ಜೊತೆ ನಾನು ಆ ಊರಿನ ಬಸ್ಸಿಳಿದಾಗ ಅವಳು ಹಾಲಿನ ಡೇರಿಯ ಗೋಡೆಯ ಪಕ್ಕ ನಿಂತಿದ್ದಳು. ಮೂವರೂ ನಡೆದೆವು. ಅವಳ ಬೀದಿ ಮುಗಿದು ಅವನ ಬೀದಿ ಶುರುವಾಗುವ ಕಡೆ ಅಂಗಡಿ ಜಗಲಿಯ ಮೇಲೆ ಕೂತಿದ್ದವರು ಮಾತು ನಿಲ್ಲಿಸಿ ನಮ್ಮನ್ನೇ ನೋಡಿದರು. ಅವಳು ತಲೆ ತಗ್ಗಿಸಿದಳು, ನಡಿಗೆ ಮಾತ್ರ ನಿಲ್ಲಿಸಲಿಲ್ಲ.

ಅಜ್ಜಿ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಗೋಡೆಯ ಮೇಲೆ ಬುದ್ಧನ ಪಟ. ಹುಡುಗಿಯನ್ನು ಕಂಡ ಕೂಡಲೇ ಏಳಲು ಹೋದರು. “ಬನ್ನಿ ಅಮ್ಮಾವ್ರೇ. ಟೀಚರಮ್ಮ, ಕುಂತ್ಕಳಿ.” ಹುಡುಗಿ ಬೇಗ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಅಜ್ಜಿಯೂ ಕೂತರು.

ಈ ಸಲ ಹುಡುಗಿ ತಿದ್ದದೆ ಬರೆದು ತಂದದ್ದನ್ನು ಇಬ್ಬರೂ ಓದಿದರು. ತನ್ನ ಪ್ರಶ್ನೆಗಳನ್ನು ಹುಡುಗಿ, ಅಜ್ಜಿಯ ಉತ್ತರಗಳನ್ನು ಮೊಮ್ಮಗ. ‘ಎಲ್ಲಿಂದ ತತ್ತಿದ್ದೆ ನೀರ?’ ಅನ್ನುವುದನ್ನು ಅವಳು ಬೇಗ ಬೇಗ ಓದಿ ಮುಗಿಸಿದಳು. ಅಜ್ಜಿ ಕಾಯಿ ಬಿಡಿಸುತ್ತಲೇ ಕೇಳಿಸಿಕೊಂಡರು. ‘ಊರ್ ಬಾವಿಯಿಂದ ತತ್ತಿದ್ದೊ ಅಮ್ಮಾವ್ರೇ. ನಿಮ್ಗೆ ಗೊತ್ತಲ್ಲ’ ಎಂಬ ಜಾಗ ಬಂದಾಗ ಕೈ ನಿಲ್ಲಿಸಿದರು.

“ನಿಮ್ಗೆ ಎಲ್ ಗೊತ್ತಾಯ್ತದೆ? ನೀವಿನ್ನೂ ಉಟ್ಟಿರ್ನಿಲ್ಲ. ಮುಂದಕ್ಕೆ ಕೇಳ್ತೀರೇನೋ ಅಂತ ಅಂಗಂದೆ. ನೀವು ಕೇಳ್ನೇ ಇಲ್ಲ, ಬ್ಯಾರೆ ಮಾತ್ಗೆ ಒಂಟೋದ್ರಿ.”

ಹುಡುಗಿ ನನ್ನ ಕಡೆ ನೋಡಿದಳು. ಆಮೇಲೆ ಅವಳೇ ಫೋನು ತೆಗೆದು ಮುಂದೆ ಇಟ್ಟಳು. “ರೆಕಾರ್ಡ್ ಮಾಡ್ಲಾ?” ಅಂದಳು. ಅಜ್ಜಿ ತಲೆಯಾಡಿಸಿದರು.

“ನೀರ್ನ ಯಾರು ಸೇದ್ತಿದ್ರು?”

“ನಾವ್ ಅಗ್ಗ ಮುಟ್ಟಂಗಿರ್ನಿಲ್ಲ. ಕಟ್ಟೆ ಕೆಳುಗ್ ಬಿಂದ್ಗೆ ಮಡುಗ್ಬುಟ್ಟು ನಿಂತ್ಕಳದು. ಯಾರಾರ ಬಂದು ಸೇದಿ ಮ್ಯಾಲಿಂದ ಉಯ್ಬೇಕು. ನಿಮ್ಮಜ್ಜಿ ಬಂದ್ರೆ ಬಿರ್ರನೆ ಉಯ್ದ್ಬುಟ್ಟು ಓಗೋರು. ಒಳ್ಳೇರು ಅಂತ್ಲೂ ಅಲ್ಲ, ಕೆಟ್ಟೋರು ಅಂತ್ಲೂ ಅಲ್ಲ. ಅವ್ರ್ಗೂ ಮನೇಲಿ ಕೆಲ್ಸ ಇತ್ತು.” ಅಜ್ಜಿ ಸುಮ್ಮನಾದರು. ಆಮೇಲೆ, “ಒಂದಿನ ನಾನು ತುಂಬುದ್ ಬಸ್ರಿ. ಬಿಸ್ಲು ನೆತ್ತಿಗ್ ಬಂದಿತ್ತು. ನಿಮ್ಮಜ್ಜಿ ಬಂದ್ರು, ಸೇದುದ್ರು, ನನ್ ಮಖ ನೋಡುದ್ರು, ತಮ್ ಬಿಂದ್ಗೆ ಎತ್ಕಂಡು ಒಂಟೋದ್ರು. ಉಯ್ನಿಲ್ಲ. ಯಾಕೆ ಅಂತ ಇವತ್ಗೂ ನಂಗ್ ತಿಳೀನಿಲ್ಲ. ಕೇಳಾನ ಅಂದ್ರೆ ಅವ್ರೇ ತೀರೋಗ್ಬುಟ್ರು.”

ಹುಡುಗ ಬಾಗಿಲಿಗೆ ಒರಗಿ ನಿಂತಿದ್ದ. ಈ ಮಾತು ಅವನಿಗೂ ಹೊಸದು ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಹುಡುಗಿ ಫೋನನ್ನು ಅಜ್ಜಿಯ ಹತ್ತಿರಕ್ಕೆ ಸರಿಸಿದಳು. ಆಮೇಲೆ ಕೇಳಿದಳು: “ಅಜ್ಜಿ, ಇದ್ನ ಬರೀಲಾ? ನೀವು ಬ್ಯಾಡ ಅಂದ್ರೆ ಬರಿಯಲ್ಲ.”

ಅಜ್ಜಿಗೆ ಆ ‘ನೀವು’ ಕೇಳಿಸಿತು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ಅಂಗೆಲ್ಲ ಅನ್ಬ್ಯಾಡಿ ಅಮ್ಮಾವ್ರೇ, ಬೀದೀಲಿ ಜನ ಅವ್ರೆ,” ಎಂದರು. ಅವರು ಸಂತೋಷಪಡುತ್ತಾರೆ ಎಂದು ನಾನು ಎಣಿಸಿದ್ದೆ. ಅವರ ಮುಖದಲ್ಲಿದ್ದದ್ದು ಭಯ. ನಾನು ಕಲಿಸಿದ ಒಂದು ಶಬ್ದ ಅವರಿಗೆ ಎಷ್ಟು ದುಬಾರಿ ಎಂದು ನನಗೆ ಆವರೆಗೆ ಹೊಳೆದಿರಲಿಲ್ಲ. ಆಮೇಲೆ ಅವರೇ ಅಂದರು: “ಬರ್ಕಳಿ. ನಿಮ್ ಕೈಲೇ ಬರೀರಿ. ಇವ್ನ್ ಕೈಲಿ ಬರ್ಸ್‌ಬ್ಯಾಡಿ. ಇವ್ನ್ ಬರುದ್ರೆ ಜಗಳುಕ್ ಬರ್ದ ಅಂತರೆ.”

ವರದಿಯಲ್ಲಿ ಹುಡುಗಿಯ ಭಾಗ ಎರಡು ಸಂದರ್ಶನಗಳಾಗಿ ಬಂತು. ಮೊದಲನೆಯದರಲ್ಲಿ ‘ನೀನು’, ಎರಡನೆಯದರಲ್ಲಿ ‘ನೀವು’. ಅಜ್ಜಿಯ ಮಾತು ಎರಡರಲ್ಲೂ ‘ಅಮ್ಮಾವ್ರೇ’. ಹುಡುಗ ತನ್ನ ಭಾಗದಲ್ಲಿ ಕುರ್ಚಿಯನ್ನೂ ಬರೆದ, ಪೇಪರ್ ಲೋಟವನ್ನೂ ಬರೆದ. ಊರಿನ ಹೆಸರು, ಮನೆಗಳ ಹೆಸರು ತೆಗೆದುಹಾಕಿದೆವು. ಹುಡುಗಿಯ ಮನೆಯಲ್ಲಿ ಏನು ನಡೆಯಿತೋ ಅವಳು ಹೇಳಲಿಲ್ಲ. ಪರೀಕ್ಷೆಗೆ ಮಾತ್ರ ಹೋದರೆ ಸಾಕು ಅಂದರಂತೆ. ಆ ಸೆಮಿಸ್ಟರಿನ ಉಳಿದ ತರಗತಿಗಳಿಗೆ ಅವಳು ಬರಲಿಲ್ಲ. ಬರೆದ ಪುಟಗಳ ಫೋಟೋ ತೆಗೆದು ಕಳಿಸುತ್ತಿದ್ದಳು. ನಾನು ತಿದ್ದಿ ಕಳಿಸುತ್ತಿದ್ದೆ. ಬಹಳ ಸಲ ತಿದ್ದುವುದಕ್ಕೇನೂ ಇರುತ್ತಿರಲಿಲ್ಲ.

ತರಗತಿ ನಡೆಯಿತು. ಕೆಲವರು ನಿಜವಾಗಿ ಬರೆದರು, ಕೆಲವರು ಹೊಸ ಜಾಗದಿಂದ ನಕಲು ತಂದರು. ಊಟದ ಹೊತ್ತಿಗೆ ನನ್ನ ಎದುರಿನ ಕುರ್ಚಿ ಖಾಲಿಯೇ ಇತ್ತು. ಮುಂದಿನ ವರ್ಷ ಆ ಪತ್ರಿಕೆಯನ್ನು ಬೇರೆಯವರಿಗೆ ವಹಿಸಲಾಗಿದೆ ಎಂದು ವೇಳಾಪಟ್ಟಿ ನೋಡಿಯೇ ನನಗೆ ತಿಳಿದದ್ದು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಹಿರಿಯ ಅಧ್ಯಾಪಕರೊಬ್ಬರು ಬಂದಿದ್ದರು. ಹುಡುಗಿಯನ್ನು ಚಿಕ್ಕಪ್ಪ ಬೈಕಿನಲ್ಲಿ ತಂದು ಬಿಟ್ಟು, ಕೋಣೆಯ ಹೊರಗೆ ಕಾರಿಡಾರಿನಲ್ಲಿ ನಿಂತರು. ಬಾಗಿಲು ತೆರೆದೇ ಇತ್ತು. ಪರೀಕ್ಷಕರು ಪುಟ ಮಗುಚಿ, ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದ ಜಾಗ ತೋರಿಸಿದರು. “ಇಲ್ಲಿ ವಯಸ್ಸಾದವರಿಗೆ ಏಕವಚನ. ಮುಂದೆ ನೋಡಿದರೆ ಬಹುವಚನ. ಒಂದೇ ವರದಿಯಲ್ಲಿ ಎರಡು ರೀತಿ ಇರಬಾರದು. ಕರಡು ತಿದ್ದುವಾಗ ಕಣ್ತಪ್ಪಿತಾ?”

ನಾನು ಬಾಯಿ ತೆರೆಯುವಂತಿರಲಿಲ್ಲ. ‘ಹೌದು ಸರ್, ಕಣ್ತಪ್ಪು’ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಚಿಕ್ಕಪ್ಪನಿಗೆ ಕೇಳಿಸುತ್ತಿದೆ ಎಂದು ಅವಳಿಗೆ ಗೊತ್ತಿತ್ತು.

“ಕಣ್ತಪ್ಪಲ್ಲ ಸರ್,” ಅಂದಳು. “ಮೊದಲ್ನೇ ಸಲ ನಾನು ಅವರನ್ನ ಹಾಗೇ ಕೇಳಿದ್ದೆ. ಎರಡನೇ ಸಲ ಹೀಗೆ ಕೇಳಿದೆ. ಅವರು ಮಾತ್ರ ಎರಡು ಸಲವೂ ನನಗೆ ‘ನೀವು’ ಅಂತಾನೇ ಅಂದ್ರು. ಅದಕ್ಕೆ ಹಾಗೆ ಬರೆದಿದೆ.”

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. ಮತ್ತೆ ಆ ಪುಟ ಓದಿದರು. “ಸರಿ,” ಅಂದರು. ಭಾಷೆಯ ಶುದ್ಧಿಗೆ ಅಂಕ ಕಳೆದರು ಎಂದು ಆಮೇಲೆ ಗೊತ್ತಾಯಿತು.

ಅವಳು ಹೊರಗೆ ಬಂದಾಗ ಚಿಕ್ಕಪ್ಪ ಜೇಬಿನಿಂದ ಕೀ ತೆಗೆದರು. ಬೈಕಿನ ಹತ್ತಿರ ಹೋಗಿ, ಅವಳು ಹಿಂದೆ ಕೂರುವವರೆಗೆ ಕಾದು, ಹೊರಟರು. ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡುವ ಹಾಗಿರಲಿಲ್ಲ ಅಂದುಕೊಂಡೆ.

ಸಂಜೆ ಬಸ್ ನಿಲ್ದಾಣದಲ್ಲಿ ಹುಡುಗನೂ ನಾನೂ ಒಂದೇ ಕಂಬದ ಹತ್ತಿರ ನಿಂತಿದ್ದೆವು. ಅವನ ಊರಿನ ಬಸ್ಸು ದೂರದಲ್ಲಿ ತಿರುಗುತ್ತಿತ್ತು.

“ಮೇಡಂ, ಕಣ್ತಪ್ಪು ಅಂದ್ಬುಡ್ಬೋದಿತ್ತು ಅವ್ಳು.”

“ಹೂಂ.”

“ಅನ್ನಿಲ್ಲ.”

ಅಷ್ಟೇ ಹೇಳಿ ಅವನು ಓಡಿಹೋಗಿ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಜಾಗ ಸಿಕ್ಕಿತು ಅವನಿಗೆ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಮಂಡ್ಯದ ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಚೀಲವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡು ಅಲ್ಲೇ ನಿಂತೆ.